‘ಕೇಳಿ’ ಎಂದರೆ ಆಲಿಸಿ ಎಂದಷ್ಟೇ ಅರ್ಥವೇ? ತರಗತಿಯಲ್ಲಿ ಪ್ರಶ್ನೆ ಹುಟ್ಟುವ ಮತ್ತು ಅಡಗುವ ಬಗೆ

ಬೆಂಗಳೂರಿನ ದಕ್ಷಿಣ ಭಾಗದ ಒಂದು ಶಾಲೆಗೆ, ಏಳನೆಯ ತರಗತಿಯ ಮಕ್ಕಳ ವಿಜ್ಞಾನ ಪ್ರಯೋಗಕ್ಕೆ ನೆರವಾಗಲು ಹೋಗಿದ್ದೆ. ಅಂದಿನ ಪ್ರಯೋಗ ತೀರ ಸರಳವಾದದ್ದು. ಬೀಕರಿನಲ್ಲಿ ನೀರು, ಅಡಿಯಲ್ಲಿ ಸ್ಪಿರಿಟ್ ದೀಪ, ಮೇಲಿನಿಂದ ಇಳಿಬಿಟ್ಟ ಒಂದು ಥರ್ಮಾಮೀಟರ್. ನೀರು ಕೊತಕೊತ ಕುದಿಯತೊಡಗಿದಾಗ ಥರ್ಮಾಮೀಟರಿನ ಗೆರೆ 97ಕ್ಕೆ ಬಂದು ನಿಂತಿತು. ಐದು ನಿಮಿಷ ಕಾದರೂ ಮೇಲೇರಲಿಲ್ಲ. ಮುಂದಿನ ಸಾಲಿನ ಹುಡುಗನೊಬ್ಬ, “ಮಿಸ್, ತೊಂಬತ್ತೇಳಕ್ಕೇ ನಿಂತ್ಬಿಟ್ಟಿದೆ, ಯಾಕೆ?” ಎಂದ. “ಥರ್ಮಾಮೀಟರ್ ಹಳೇದು ಕಣೋ, ನೂರು ಅಂತ ಬರ್ಕೊ” ಎಂಬ ಉತ್ತರ ಬಂತು. ಇಡೀ ತರಗತಿ ನೂರು ಎಂದು ಬರೆದುಕೊಂಡಿತು.

ಥರ್ಮಾಮೀಟರಿನಲ್ಲಿ ಯಾವ ದೋಷವೂ ಇರಲಿಲ್ಲ. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎಂಬ ಪುಸ್ತಕದ ಮಾತು ಸಮುದ್ರಮಟ್ಟದ ವಾಯುಒತ್ತಡಕ್ಕೆ ಅನ್ವಯಿಸುವಂಥದ್ದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರಿನ ಮೇಲೆ ಕೂತಿರುವ ಗಾಳಿಯ ಭಾರ ಕರಾವಳಿಗಿಂತ ಸುಮಾರು ಹತ್ತನೆಯ ಒಂದು ಪಾಲಿನಷ್ಟು ಕಡಿಮೆ. ಮೇಲಿನಿಂದ ಅದುಮುವ ಕೈ ಸಡಿಲವಾದಾಗ ಮುಚ್ಚಳ ಬೇಗ ಏಳುವಂತೆ, ಒತ್ತಡ ಕಡಿಮೆಯಾದಲ್ಲಿ ನೀರು ಆವಿಯಾಗಿ ಗುಳ್ಳೆಯೇಳಲು ಅಷ್ಟು ಬಿಸಿ ಬೇಕಾಗುವುದಿಲ್ಲ. ಹಾಗಾಗಿ ನಮ್ಮೂರಿನಲ್ಲಿ ನೀರು ಕುದಿಯುವುದೇ 97ರ ಆಸುಪಾಸಿನಲ್ಲಿ. ಆ ಹುಡುಗನ ಒಂದು ಪ್ರಶ್ನೆಯ ಹಿಂದೆ ವಾಯುಒತ್ತಡ, ನಗರದ ಎತ್ತರ, ಮನೆಯ ಕುಕ್ಕರ್ ಎಲ್ಲವೂ ಸಾಲುಗಟ್ಟಿ ನಿಂತಿದ್ದವು. ಆ ಪ್ರಶ್ನೆ ಹೇಗೆ ಹುಟ್ಟಿತು, ಏಕೆ ಅಲ್ಲಿಗೇ ನಿಂತಿತು, ನಿಲ್ಲದಂತೆ ಏನು ಮಾಡಬಹುದಿತ್ತು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಈಗೇಕೆ ಈ ವಿಷಯ

ಮಕ್ಕಳು ಪ್ರಶ್ನೆ ಕೇಳಬೇಕೆಂಬುದು ಹಳೆಯ ಮಾತು. ಈಚೆಗೆ ಅದು ನಿಯಮಾವಳಿಯ ಮಾತೂ ಆಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಸೆಕ್ಷನ್, ಕಲಿಕೆಯು ಚಟುವಟಿಕೆ ಮತ್ತು ಅನ್ವೇಷಣೆಯ ಮೂಲಕ ನಡೆಯಬೇಕು, ಮಗು ಭಯವಿಲ್ಲದೆ ತನ್ನ ಅಭಿಪ್ರಾಯ ಹೇಳುವಂತಿರಬೇಕು ಎನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬೋಧನೆಯು ಪ್ರಶ್ನೆ ಮತ್ತು ಚರ್ಚೆಯ ಸುತ್ತ ನಡೆಯಬೇಕೆಂದು ಹೇಳಿತು. ಸಿಬಿಎಸ್‌ಇ ಮಂಡಳಿಯು 2024–25ರಲ್ಲಿ 11 ಮತ್ತು 12ನೆಯ ತರಗತಿಗಳ ಪ್ರಶ್ನೆಪತ್ರಿಕೆಗಳಲ್ಲಿ, ಓದಿದ್ದನ್ನು ಹೊಸ ಸನ್ನಿವೇಶಕ್ಕೆ ಅನ್ವಯಿಸಬೇಕಾದ ಪ್ರಶ್ನೆಗಳ ಪಾಲನ್ನು ಶೇ 40ರಿಂದ 50ಕ್ಕೆ ಏರಿಸಿತು. ಇಲ್ಲಿಯವರೆಗೆ ಗೈಡ್ ಓದಿ ಅಂಕ ತರುತ್ತಿದ್ದ ಮಕ್ಕಳ ತಂದೆತಾಯಂದಿರು ಪೋಷಕರ ಸಭೆಗಳಲ್ಲಿ ಈ ಮಾತೆತ್ತುತ್ತಿರುವುದಕ್ಕೆ, ನನ್ನ ಊಹೆಯಲ್ಲಿ, ನೀತಿಗಿಂತ ಈ ಕೊನೆಯ ಬದಲಾವಣೆಯೇ ಹೆಚ್ಚಿನ ಕಾರಣ.

ಕುತೂಹಲ ಎಂದರೇನು

ಕುತೂಹಲವನ್ನು ನಾವು ಸಾಮಾನ್ಯವಾಗಿ ಸ್ವಭಾವವೆಂದು ತಿಳಿಯುತ್ತೇವೆ. ‘ಇವನಿಗೆ ಹುಟ್ಟಿನಿಂದಲೇ ಕುತೂಹಲ ಜಾಸ್ತಿ, ಅವಳಿಗೆ ಅದಿಲ್ಲ’ ಎನ್ನುತ್ತೇವೆ. ಮನೋವಿಜ್ಞಾನಿಗಳು ಇದನ್ನು ಬಹುಮಟ್ಟಿಗೆ ಬಂದುಹೋಗುವ ಒಂದು ಸ್ಥಿತಿಯಾಗಿ ನೋಡುತ್ತಾರೆ, ಹಸಿವಿನ ಹಾಗೆ. ಅಮೆರಿಕದ ಜಾರ್ಜ್ ಲೋವೆನ್‌ಸ್ಟೀನ್ 1994ರಲ್ಲಿ ಮುಂದಿಟ್ಟ ವಿವರಣೆಯ ಪ್ರಕಾರ, ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕಾದುದಕ್ಕೂ ನಡುವೆ ಒಂದು ಬಿರುಕು ಕಣ್ಣಿಗೆ ಬಿದ್ದಾಗ ಕುತೂಹಲ ಹುಟ್ಟುತ್ತದೆ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಫೋನಿನಲ್ಲಿ, “ಅಯ್ಯೋ, ಆಮೇಲೆ ಅವಳು ಏನಂದ್ಲು?” ಎಂದಾಗ ನಮ್ಮ ಕಿವಿ ತಾನಾಗಿ ಆ ಕಡೆ ವಾಲುವುದು ಈ ಕಾರಣಕ್ಕೇ. ಮಾತು ಪೂರ್ತಿ ಕೇಳಿಸಿದ್ದರೆ ಅಥವಾ ಗೊತ್ತಿಲ್ಲದ ಭಾಷೆಯಲ್ಲಿದ್ದರೆ ನಾವು ಕಿಟಕಿಯ ಹೊರಗೆ ನೋಡುತ್ತಿದ್ದೆವು.

ಈ ವಿವರಣೆಯಿಂದ ತರಗತಿಯ ಮಟ್ಟಿಗೆ ಒಂದು ಮುಖ್ಯ ವಿಷಯ ಗೊತ್ತಾಗುತ್ತದೆ. ಏನೂ ಗೊತ್ತಿಲ್ಲದವನಿಗೆ ಪ್ರಶ್ನೆ ಹುಟ್ಟುವುದಿಲ್ಲ. ಎಲ್ಲವೂ ಗೊತ್ತೆಂದು ನಂಬಿದವನಿಗೂ ಹುಟ್ಟುವುದಿಲ್ಲ. ಬಿರುಕು ಕಾಣಬೇಕಾದರೆ ಅದರ ಎರಡೂ ಅಂಚುಗಳಲ್ಲಿ ಸ್ವಲ್ಪ ಗೋಡೆಯಿರಬೇಕು. ‘100’ ಎಂಬ ಸಂಖ್ಯೆಯನ್ನು ಮೊದಲೇ ಓದಿದ್ದರಿಂದಲೇ ಆ ಹುಡುಗನಿಗೆ 97 ವಿಚಿತ್ರವಾಗಿ ಕಂಡಿತು. ಹೊಸ ಪಾಠವನ್ನು ಮುಗಿಸಿದ ಮರುಕ್ಷಣವೇ “ಏನಾದರೂ ಕೇಳಲಿಕ್ಕಿದೆಯಾ?” ಎಂದಾಗ ತರಗತಿ ಮೌನವಾಗಿದ್ದರೆ, ಅದನ್ನು ಸೋಮಾರಿತನವೆಂದೋ ಎಲ್ಲರಿಗೂ ಅರ್ಥವಾಗಿದೆಯೆಂದೋ ತಿಳಿಯಬೇಕಾಗಿಲ್ಲ. ಬಿರುಕು ಕಾಣುವಷ್ಟು ಗೋಡೆ ಬಹುಶಃ ಇನ್ನೂ ಎದ್ದಿರುವುದಿಲ್ಲ.

ಕುತೂಹಲದಿಂದ ನೆನಪಿಗೆ ಆಗುವ ಲಾಭ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ಉಪಯುಕ್ತ. ಅವರು ಸ್ವಯಂಸೇವಕರಿಗೆ ಸಾಮಾನ್ಯಜ್ಞಾನದ ಪ್ರಶ್ನೆಗಳನ್ನು ಕೊಟ್ಟು, ಯಾವುದರ ಉತ್ತರ ತಿಳಿಯಲು ಎಷ್ಟು ಆಸೆಯಿದೆಯೆಂದು ಮೊದಲು ಕೇಳಿಕೊಂಡರು. ಆಮೇಲೆ ಪ್ರಶ್ನೆ ತೋರಿಸಿ, ಉತ್ತರಕ್ಕಾಗಿ ಕಾಯುವ ಹೊತ್ತಿನಲ್ಲಿ ನಡುವೆ ಯಾರದೋ ಮುಖದ ಚಿತ್ರವನ್ನು ತೋರಿಸಿದರು. ಆಸೆಯಿಂದ ಕಾದ ಪ್ರಶ್ನೆಗಳ ಉತ್ತರಗಳು ಚೆನ್ನಾಗಿ ನೆನಪಿದ್ದುದರಲ್ಲಿ ಆಶ್ಚರ್ಯವೇನಿಲ್ಲ. ಆ ಹೊತ್ತಿನಲ್ಲಿ ಕಂಡ, ಪ್ರಶ್ನೆಗೆ ಸಂಬಂಧವೇ ಇಲ್ಲದ ಮುಖಗಳೂ ಹೆಚ್ಚು ನೆನಪಿದ್ದವು. ಕುತೂಹಲದ ಗಳಿಗೆಯಲ್ಲಿ, ಬಹುಮಾನದ ನಿರೀಕ್ಷೆಯಲ್ಲಿ ಚುರುಕಾಗುವ ಮಿದುಳಿನ ಭಾಗಗಳೂ ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಭಾಗವೂ ಒಟ್ಟಾಗಿ ಕೆಲಸ ಮಾಡಿದ್ದು ಸ್ಕ್ಯಾನ್‌ಗಳಲ್ಲಿ ಕಂಡುಬಂತು. ಒಬ್ಬ ನೆಂಟರಿಗೆಂದು ತೆರೆದ ಬಾಗಿಲಲ್ಲಿ ಅವರ ಜೊತೆ ಬಂದವರೂ ಒಳಗೆ ಬಂದಂತೆ ಇದು.

ಮನೆಯಲ್ಲಿ ಕೇಳುವ ಮಗು ಶಾಲೆಯಲ್ಲಿ ಏಕೆ ಸುಮ್ಮನಿರುತ್ತದೆ

1984ರಲ್ಲಿ ಪುಸ್ತಕವಾಗಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಲಂಡನ್ನಿನಲ್ಲಿ ಬಾರ್ಬರಾ ಟಿಜಾರ್ಡ್ ಮತ್ತು ಮಾರ್ಟಿನ್ ಹ್ಯೂಸ್ ಎಂಬ ಸಂಶೋಧಕರು, ನಾಲ್ಕು ವರ್ಷದ ಆಸುಪಾಸಿನ 30 ಹೆಣ್ಣುಮಕ್ಕಳ ಮಾತನ್ನು ಮನೆಯಲ್ಲೂ ಶಿಶುವಿಹಾರದಲ್ಲೂ ಧ್ವನಿಮುದ್ರಿಸಿಕೊಂಡರು. ಮನೆಯಲ್ಲಿ ತಾಯಿಗೆ ಗಂಟೆಗೆ ಸರಾಸರಿ 26 ಪ್ರಶ್ನೆ ಕೇಳುತ್ತಿದ್ದ ಮಕ್ಕಳು ಶಿಶುವಿಹಾರದಲ್ಲಿ ಶಿಕ್ಷಕಿಗೆ ಕೇಳುತ್ತಿದ್ದುದು ಎರಡು. ಮಗು ಅದೇ. ಬೇರೆಯಾದದ್ದು ಜಾಗ ಮಾತ್ರ. ಹಾಗಿದ್ದ ಮೇಲೆ ಕಾರಣವನ್ನು ಮಗುವಿನೊಳಗೆ ಹುಡುಕುವುದಕ್ಕಿಂತ ಜಾಗದಲ್ಲಿ ಹುಡುಕುವುದು ವಾಸಿ.

ಪ್ರಶ್ನೆ ಕೇಳುವುದಕ್ಕೆ ಮಗು ಒಂದು ಬೆಲೆ ತೆರುತ್ತದೆ. ತನಗೆ ಗೊತ್ತಿಲ್ಲವೆಂದು ಎಲ್ಲರೆದುರು ಒಪ್ಪಿಕೊಳ್ಳಬೇಕು, ಗೆಳೆಯರ ನಗುವನ್ನು ತಡೆದುಕೊಳ್ಳಬೇಕು, ಶಿಕ್ಷಕರಿಗೆ ಬೇಸರವಾಗಬಹುದೆಂಬ ಅಳುಕನ್ನು ದಾಟಬೇಕು. ಮನೆಯಲ್ಲಿ ಅಡುಗೆ ಮಾಡುತ್ತಿರುವ ಅಮ್ಮನನ್ನು “ಯಾಕಮ್ಮಾ ಹಾಲು ಉಕ್ಕುತ್ತೆ, ನೀರು ಉಕ್ಕಲ್ಲ?” ಎಂದು ಕೇಳುವುದಕ್ಕೆ ಈ ಯಾವ ಖರ್ಚೂ ಇಲ್ಲ.

ನಮ್ಮ ಭಾಷೆಯೇ ಈ ಬೆಲೆಯ ಲೆಕ್ಕವನ್ನು ಬರೆದಿಟ್ಟುಕೊಂಡಿದೆ. ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಧಾತುವಿಗೆ ಆಲಿಸು, ಪ್ರಶ್ನಿಸು ಎಂಬ ಎರಡೂ ಅರ್ಥಗಳಿವೆ. ಆದರೆ ತರಗತಿಯಲ್ಲಿ “ಕೇಳ್ರೋ ಇಲ್ಲಿ” ಎಂದರೆ ಬಾಯಿ ಮುಚ್ಚಿ ಎಂದೇ ಅರ್ಥ. ಸಂದರ್ಭ ಮೀರಿದ ಪ್ರಶ್ನೆಗೆ ‘ಅಧಿಕಪ್ರಸಂಗ’ ಎಂಬ ಸಿದ್ಧ ಹೆಸರಿದೆ. ಮತ್ತೆ ಮತ್ತೆ ಕೇಳಿದರೆ ‘ತಲೆಹರಟೆ’. ಬೆಂಗಳೂರಿನ ಶಾಲೆಗಳಲ್ಲಿ ಇವೆರಡಕ್ಕಿಂತ ಸಾಧುವಾಗಿ ಕಾಣುವ ಇನ್ನೊಂದು ಪದ ಓಡಾಡುತ್ತದೆ: ‘ಡೌಟ್’. “ಎನಿ ಡೌಟ್ಸ್?” ಎಂದು ಕೇಳುವ ಶಿಕ್ಷಕರ ಮನಸ್ಸಿನಲ್ಲಿ ಕೆಡುಕೇನಿಲ್ಲ. ಆದರೆ ಪ್ರಶ್ನೆಗೆ ಡೌಟ್ ಎಂದು ಹೆಸರಿಟ್ಟಾಗ ಅದು ಅರ್ಥವಾಗದವನ ಟೈರಿನಲ್ಲಿ ಆದ ಪಂಕ್ಚರ್ ಆಗುತ್ತದೆ. ತೇಪೆ ಹಾಕಿ ಕಳಿಸಿದರೆ ಮುಗಿಯಿತು. 97ನ್ನು ಕಂಡ ಹುಡುಗನಿಗೆ ಇದ್ದದ್ದು ಆ ಬಗೆಯ ಡೌಟ್ ಅಲ್ಲ. ಪಾಠ ಅವನಿಗೆ ಚೆನ್ನಾಗಿಯೇ ಅರ್ಥವಾಗಿತ್ತು, ಕಣ್ಣಿಗೆ ಕಂಡದ್ದು ಪಾಠಕ್ಕೆ ಹೊಂದುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಎದ್ದು ಕಾಣುವ ಇನ್ನೊಂದು ಖರ್ಚು ಮಾಧ್ಯಮದ್ದು. ಒಂದೇ ಬೆಂಚಿನಲ್ಲಿ ಮನೆಯಲ್ಲಿ ಕನ್ನಡ, ತಮಿಳು, ಉರ್ದು, ತೆಲುಗು ಆಡುವ ಮಕ್ಕಳು ಕೂತಿರುತ್ತಾರೆ. ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳಿಕೆಯನ್ನು ಪ್ರಶ್ನೆಯಾಗಿಸುವುದು ಬಹಳ ಸುಲಭ. ‘ನೀರು ಕುದೀತು’ ಎಂಬುದರ ಕೊನೆಗೆ ಒಂದು ದೀರ್ಘ ಸೇರಿಸಿ ‘ಕುದೀತಾ?’ ಎಂದರೆ ಆಯಿತು, ಪದಗಳ ಜಾಗ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ‘ದ ವಾಟರ್ ಬಾಯ್ಲ್ಡ್’ ಎಂಬುದನ್ನು ಪ್ರಶ್ನೆ ಮಾಡಲು ಮುಂದೆ ‘ಡಿಡ್’ ತಂದು ನಿಲ್ಲಿಸಬೇಕು, ಹಿಂದಿನ ‘ಬಾಯ್ಲ್ಡ್’ ಅನ್ನು ‘ಬಾಯ್ಲ್’ ಮಾಡಬೇಕು. ಉತ್ತರ ಹೇಳುವುದಾದರೆ ನೋಟ್ಸಿನ ವಾಕ್ಯವನ್ನೇ ಒಪ್ಪಿಸಬಹುದು. ಪ್ರಶ್ನೆಗೆ ಯಾವ ನೋಟ್ಸೂ ಇಲ್ಲ, ವಾಕ್ಯವನ್ನು ಸ್ವಂತವಾಗಿ ಕಟ್ಟಬೇಕು. ‘ಡಿಡ್ ದ ವಾಟರ್ ಬಾಯ್ಲ್ಡ್’ ಎಂದು ಬಾಯಿತಪ್ಪಿದವನಿಗೆ ಹಿಂದಿನ ಸಾಲಿನಿಂದ ಕಿಸಕ್ಕನೆ ನಗು ಬರುತ್ತದೆ. ಅದಾದ ಮೇಲೆ ಆ ವರ್ಷವಿಡೀ ಅವನ ಕೈ ಮೇಲೇಳದಿದ್ದರೆ ಆಶ್ಚರ್ಯಪಡಬೇಕಾದದ್ದಿಲ್ಲ. ಪ್ರಶ್ನೆಯನ್ನು ಯಾವ ಭಾಷೆಯಲ್ಲಾದರೂ ಕೇಳಬಹುದು, ಇಂಗ್ಲಿಷಿಗೆ ತರುವ ಕೆಲಸವನ್ನು ಆಮೇಲೆ ಎಲ್ಲರೂ ಸೇರಿ ಮಾಡೋಣ ಎಂಬ ಒಂದು ನಿಯಮ ಈ ಖರ್ಚನ್ನು ಬಹುಪಾಲು ಇಳಿಸುತ್ತದೆ. ಅದಕ್ಕೆ ಕಾಸು ಖರ್ಚಿಲ್ಲ. ಆದರೂ ಇದು ನಡೆಯುವ ತರಗತಿಗಳನ್ನು ನಾನು ನೋಡಿರುವುದು ಕಡಿಮೆ.

ಮೂರು ಸೆಕೆಂಡು

ಈ ವಿಷಯದಲ್ಲಿ ಬಹಳ ಚೆನ್ನಾಗಿ ಅಳೆದು ನೋಡಿರುವ ಸಂಗತಿಯೊಂದಿದೆ, ಅದು ಮೌನ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರು ತರಗತಿಗಳ ಧ್ವನಿಮುದ್ರಣಗಳನ್ನು ಅಳೆದು 1970ರ ದಶಕದಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುತ್ತಿದ್ದ ಹೊತ್ತು ಸರಾಸರಿ ಒಂದು ಸೆಕೆಂಡಿನ ಆಸುಪಾಸು. ಅಷ್ಟರೊಳಗೆ ಯಾರೂ ಹೇಳದಿದ್ದರೆ ಅವರು ಇನ್ನೊಬ್ಬರನ್ನು ಎಬ್ಬಿಸುತ್ತಿದ್ದರು, ಇಲ್ಲವೇ ತಾವೇ ಉತ್ತರ ಹೇಳಿಬಿಡುತ್ತಿದ್ದರು. ಮಗು ಉತ್ತರ ಹೇಳಿದ ಮೇಲೂ ಅಷ್ಟೇ ಆತುರದಲ್ಲಿ ‘ಸರಿ, ಮುಂದೆ’ ಎನ್ನುತ್ತಿದ್ದರು.

ಈ ಎರಡೂ ಕಡೆ ಕಾಯುವ ಹೊತ್ತನ್ನು ಮೂರು ಸೆಕೆಂಡಿಗೆ ಏರಿಸಿದಾಗ ತರಗತಿಯ ಮಾತಿನ ಬಗೆಯೇ ಬದಲಾಯಿತು. ಮಕ್ಕಳ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ ಎಂಬುದು ಕಡಿಮೆಯಾಯಿತು, ಹಿಂದುಳಿದವರೆಂದು ಶಿಕ್ಷಕರು ಭಾವಿಸಿದ್ದ ಮಕ್ಕಳು ಹೆಚ್ಚು ಮಾತಾಡಿದರು. ನಮ್ಮ ವಿಷಯಕ್ಕೆ ಬೇಕಾದದ್ದು, ಮಕ್ಕಳು ತಾವಾಗಿ ಕೇಳುವ ಪ್ರಶ್ನೆಗಳೂ ಹೆಚ್ಚಾದವು. ಎರಡನೆಯ ವಿರಾಮ, ಅಂದರೆ ಉತ್ತರ ಬಂದ ಮೇಲಿನ ಮೌನ, ಹೆಚ್ಚು ಕೆಲಸ ಮಾಡುವಂಥದ್ದು. ಶಿಕ್ಷಕರು ತಕ್ಷಣ ‘ವೆರಿ ಗುಡ್’ ಎಂದರೆ ವಿಷಯದ ಬಾಗಿಲು ಮುಚ್ಚುತ್ತದೆ, ಸುಮ್ಮನಿದ್ದರೆ ಹೇಳಿದ ಮಗು “ಆದರೆ...” ಎಂದು ಮುಂದುವರಿಯುತ್ತದೆ, ಅಥವಾ ಪಕ್ಕದವಳು “ಅದು ಹೇಗೆ?” ಎನ್ನುತ್ತಾಳೆ.

ಮೂರು ಸೆಕೆಂಡು ಎಂದರೆ ‘ಕ ಕಾ ಕಿ ಕೀ ಕು ಕೂ’ ಎಂದು ಮನಸ್ಸಿನಲ್ಲೇ ನಿಧಾನವಾಗಿ ಹೇಳಿಕೊಳ್ಳುವಷ್ಟು ಹೊತ್ತು. ಕೇಳಲು ಅಲ್ಪವೆನಿಸುತ್ತದೆ. ನಲವತ್ತು ಜೊತೆ ಕಣ್ಣುಗಳ ಎದುರು ನಿಂತು ಪ್ರಯತ್ನಿಸಿದವರಿಗೆ ಅದು ಟ್ರಾಫಿಕ್ ಸಿಗ್ನಲ್ಲಿನ ಕೆಂಪು ದೀಪಕ್ಕಿಂತ ದೀರ್ಘವೆನಿಸುತ್ತದೆಂದು ನನ್ನ ಅನುಭವದಿಂದ ಹೇಳಬಲ್ಲೆ. ಮೊದಲ ದಿನ ನಾನು ಎರಡನೆಯ ಸೆಕೆಂಡಿಗೇ ಸೋತಿದ್ದೆ.

ಪ್ರಶ್ನೆ ಕೇಳುವುದನ್ನು ಕಲಿಸಬಹುದೇ

ಕಲಿಸಬಹುದು. ಇದಕ್ಕಾಗಿ ಬಳಕೆಯಲ್ಲಿರುವ ಕ್ರಮಗಳಲ್ಲಿ ಒಂದು ಹೀಗಿದೆ. ಶಿಕ್ಷಕರು ಪ್ರಶ್ನೆಯ ಬದಲು ಒಂದು ಹೇಳಿಕೆಯನ್ನು ಹಲಗೆಯ ಮೇಲೆ ಬರೆಯುತ್ತಾರೆ. ಮಕ್ಕಳು ನಾಲ್ಕೈದು ಜನರ ಗುಂಪಾಗಿ ಕೂತು, ಆ ಹೇಳಿಕೆಯ ಬಗ್ಗೆ ತೋಚಿದಷ್ಟೂ ಪ್ರಶ್ನೆಗಳನ್ನು ಬರೆಯಬೇಕು. ಬರೆಯುವಾಗ ಯಾವ ಪ್ರಶ್ನೆಗೂ ಉತ್ತರ ಹೇಳುವಂತಿಲ್ಲ, ಯಾವುದನ್ನೂ ಒಳ್ಳೆಯದು ಕೆಟ್ಟದು ಎನ್ನುವಂತಿಲ್ಲ, ಕೇಳಿದವರ ಮಾತಿನಲ್ಲೇ ಬರೆದುಕೊಳ್ಳಬೇಕು. ಆಮೇಲೆ ಹೌದು-ಅಲ್ಲ ಎಂದು ಮುಗಿಯುವ ಪ್ರಶ್ನೆಗಳನ್ನೂ ವಿವರಣೆ ಬೇಡುವ ಪ್ರಶ್ನೆಗಳನ್ನೂ ಬೇರ್ಪಡಿಸಿ, ಒಂದು ಬಗೆಯದನ್ನು ಇನ್ನೊಂದಾಗಿ ತಿರುಗಿಸಿ ನೋಡಬೇಕು. ಕೊನೆಗೆ ಮುಖ್ಯವೆನಿಸಿದ ಮೂರನ್ನು ಆರಿಸಿಕೊಳ್ಳಬೇಕು.

‘ಬೆಂಗಳೂರಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ವರ್ಷಕ್ಕೆ ಎರಡು ದಿನ ಮಾತ್ರ ಕಾಲಡಿಗೆ ಬಂದು ಮಾಯವಾಗುತ್ತದೆ’ ಎಂಬ ಹೇಳಿಕೆಯನ್ನು ತೆಗೆದುಕೊಳ್ಳಿ. ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುತ್ತಾನೆಂದು ದಿನವೂ ಹೇಳುವ ನಮಗೆ ಈ ‘ಎರಡು ದಿನ ಮಾತ್ರ’ ಎಂಬುದೇ ಬಿರುಕು. ಮಕ್ಕಳಿಂದ ಬರುವ ಮೊದಲ ಪ್ರಶ್ನೆಗಳು ಸಾದಾ ಇರುತ್ತವೆ: ಯಾವ ದಿನ? ಎಷ್ಟು ಗಂಟೆಗೆ? ಉತ್ತರಗಳೂ ಸಾದಾ: ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ, ಹನ್ನೆರಡು ಕಳೆದು ಹದಿನೈದು-ಇಪ್ಪತ್ತೈದು ನಿಮಿಷಕ್ಕೆ. ಸ್ವಲ್ಪ ಹೊತ್ತಾದ ಮೇಲೆ ಬರುವವು ಬೇರೆ ತರಹದವು. ಸರಿಯಾಗಿ ಹನ್ನೆರಡಕ್ಕೇ ಏಕಲ್ಲ? (ನಮ್ಮ ಗಡಿಯಾರಗಳು ನಮಗಿಂತ ಪೂರ್ವದಲ್ಲಿರುವ ರೇಖಾಂಶದ ಸಮಯವನ್ನು ತೋರಿಸುತ್ತವೆ.) ಎರಡೇ ದಿನ ಏಕೆ? ದೆಹಲಿಯಲ್ಲೂ ಹೀಗಾಗುತ್ತದೆಯೇ? ಈ ಕೊನೆಯ ಪ್ರಶ್ನೆಗೆ ಉತ್ತರ ‘ಎಂದೂ ಇಲ್ಲ’. ಸೂರ್ಯ ನೆತ್ತಿಯ ಮೇಲೆ ಬರುವುದು ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಲ್ಲಿ ಮಾತ್ರ, ದೆಹಲಿ ಅದರಾಚೆಗಿದೆ. ಅಕ್ಷಾಂಶದ ಇಡೀ ಪಾಠ ಇಲ್ಲಿ ಮಕ್ಕಳ ಪ್ರಶ್ನೆಯ ಬೆನ್ನು ಹತ್ತಿ ಬಂದಿದೆ. (ಏಪ್ರಿಲ್ ದಿನ ಬೇಸಗೆ ರಜೆಯಲ್ಲೂ ಆಗಸ್ಟ್ ದಿನ ಮೋಡದ ಕಾಲದಲ್ಲೂ ಬೀಳುವುದು ನಮ್ಮ ಶಾಲೆಗಳ ದುರದೃಷ್ಟ.)

ನಲವತ್ತು ನಿಮಿಷದ ಪೀರಿಯಡ್

ಇಷ್ಟೆಲ್ಲ ಓದಿದ ಯಾವ ಶಿಕ್ಷಕರಾದರೂ ಕೇಳುವ ಮೊದಲ ಮಾತು, ಪೋರ್ಷನ್ ಮುಗಿಸುವವರು ಯಾರು ಎಂಬುದು. ಅದು ನ್ಯಾಯವಾದ ಪ್ರಶ್ನೆ. ಶಿಕ್ಷಣ ಹಕ್ಕು ಕಾಯ್ದೆ ಕಿರಿಯ ಪ್ರಾಥಮಿಕದಲ್ಲಿ 30 ಮಕ್ಕಳಿಗೆ, ಹಿರಿಯ ಪ್ರಾಥಮಿಕದಲ್ಲಿ 35 ಮಕ್ಕಳಿಗೆ ಒಬ್ಬ ಶಿಕ್ಷಕರೆಂಬ ಪ್ರಮಾಣವನ್ನು ಇಟ್ಟಿದೆ. ಅದಕ್ಕಿಂತ ಹೆಚ್ಚು ಮಕ್ಕಳು ಒಂದೇ ಕೋಣೆಯಲ್ಲಿ ಕೂತಿರುವಾಗ, ಪ್ರತಿ ಮಗು ಒಂದು ಪ್ರಶ್ನೆ ಕೇಳಿ ಶಿಕ್ಷಕರು ಒಂದು ನಿಮಿಷ ಉತ್ತರಿಸಿದರೂ ನಲವತ್ತು ನಿಮಿಷದ ಪೀರಿಯಡ್ ಸಾಲದು.

ಆದರೆ ಪ್ರತಿ ಪ್ರಶ್ನೆಗೂ ಆಗಲೇ, ಶಿಕ್ಷಕರೇ ಉತ್ತರ ಹೇಳಬೇಕೆಂಬ ನಿಯಮವೇನಿಲ್ಲ. ಹಲಗೆಯ ಬಲಮೂಲೆಯಲ್ಲಿ ಒಂದು ಚೌಕ ಬರೆದು, ಅಂದಿನ ಪಾಠಕ್ಕೆ ಹೊರತಾದ ಪ್ರಶ್ನೆಗಳನ್ನು ಕೇಳಿದವರ ಹೆಸರಿನೊಡನೆ ಅಲ್ಲಿ ಬರೆದಿಟ್ಟರೆ, ಪ್ರಶ್ನೆ ಕಳೆದುಹೋಗುವುದಿಲ್ಲ, ಪಾಠವೂ ದಾರಿ ತಪ್ಪುವುದಿಲ್ಲ. ಶನಿವಾರದ ಕೊನೆಯ ಪೀರಿಯಡ್‌ನಲ್ಲಿ ಅವುಗಳಲ್ಲಿ ಎರಡನ್ನು ಎತ್ತಿಕೊಳ್ಳಬಹುದು. ಎದ್ದುನಿಂತು ಕೇಳಲು ಹಿಂಜರಿಯುವವರಿಗೆ, ಹೆಸರು ಬರೆಯದೆ ಚೀಟಿ ಹಾಕುವ ರಟ್ಟಿನ ಡಬ್ಬಿ ಸಾಕು. ಎಲ್ಲಕ್ಕಿಂತ ಕಡಿಮೆ ಸಮಯ ಹಿಡಿಯುವ ಉತ್ತರವೆಂದರೆ “ನನಗೂ ಗೊತ್ತಿಲ್ಲ, ನೋಡೋಣ” ಎಂಬುದು. ಬಹಳ ಶಿಕ್ಷಕರು ಇದನ್ನು ಹೇಳಲು ಹೆದರುವುದು ಮಕ್ಕಳ ಮುಂದೆ ಗೌರವ ಕಡಿಮೆಯಾಗುತ್ತದೆಂಬ ಭಾವನೆಯಿಂದ. ಹೇಳಿದ ಮಾತಿನಂತೆ ಮರುದಿನ ಉತ್ತರ ಹುಡುಕಿ ತಂದರೆ ಗೌರವಕ್ಕೇನೂ ಕುಂದು ಬರುವುದಿಲ್ಲ; ತರದೆ ಮರೆತರೆ ಬರುತ್ತದೆ.

ಬಾಯಿಪಾಠ ಬೇಡವೇ

ಪ್ರಶ್ನೆಗೆ ಒತ್ತು ಕೊಡುವುದೆಂದರೆ ಎಲ್ಲವನ್ನೂ ಮಕ್ಕಳೇ ಕಂಡುಹಿಡಿಯಲಿ ಎಂದು ಬಿಡುವುದಲ್ಲ. ಮಾರ್ಗದರ್ಶನವಿಲ್ಲದ ಕಲಿಕೆ ಹೊಸಬರಿಗೆ ಭಾರವಾಗುತ್ತದೆ, ನೇರವಾಗಿ ವಿವರಿಸಿ ಕಲಿಸುವುದೇ ಅವರಿಗೆ ಹೆಚ್ಚು ಪ್ರಯೋಜನಕರ ಎಂದು ಕರ್ಷ್‌ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ ಎಂಬ ಶಿಕ್ಷಣ ಸಂಶೋಧಕರು 2006ರ ಪ್ರಸಿದ್ಧ ಲೇಖನವೊಂದರಲ್ಲಿ ವಾದಿಸಿದರು. ಅದರ ಮೇಲಿನ ಚರ್ಚೆ ಇನ್ನೂ ನಡೆದಿದೆ. ಮಗ್ಗಿ ಬಾಯಿಗೆ ಬಾರದ ಮಗುವಿನ ಗಮನವೆಲ್ಲ ಏಳೆಂಟ್ಲ ಎಷ್ಟು ಎಂಬುದರಲ್ಲೇ ಕಳೆದುಹೋದರೆ, ಲೆಕ್ಕದೊಳಗಿನ ವಿಚಿತ್ರ ಅದಕ್ಕೆ ಕಾಣುವುದಿಲ್ಲ. ಗೊತ್ತಿರುವ ಗೋಡೆಯಿದ್ದರೆ ತಾನೇ ಬಿರುಕು. ಕರ್ನಾಟಕದ ಸರ್ಕಾರಿ ಶಾಲೆಗಳ ನಲಿ-ಕಲಿ, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಕ್ರಮ, ಚಟುವಟಿಕೆಯಿಂದ ಕಲಿಸುವುದಕ್ಕೆ ಹೆಸರಾಗಿದ್ದರೂ ಅದರಲ್ಲಿ ಮಗು ಹತ್ತಬೇಕಾದ ಮೆಟ್ಟಿಲುಗಳನ್ನು ಮೊದಲೇ ಕ್ರಮವಾಗಿ ಜೋಡಿಸಿಟ್ಟಿರುತ್ತಾರೆ.

97 ಎಂದು ಬರೆದರೆ ಅಂಕ ಸಿಗುತ್ತದೆಯೇ

ಪ್ರಯೋಗದ ದಿನ ಸ್ಟಾಫ್ ರೂಮಿನಲ್ಲಿ ಆ ಶಿಕ್ಷಕಿಯೊಡನೆ ಚಹಾ ಕುಡಿಯುತ್ತ ಬೆಂಗಳೂರಿನ ಎತ್ತರದ ವಿಷಯ ಮಾತಾಡಿದೆವು. “ಹೌದಾ? ಹನ್ನೊಂದು ವರ್ಷದಿಂದ ಥರ್ಮಾಮೀಟರ್ ಬೈಕೊಂಡು ಬಂದಿದೀನಲ್ಲ” ಎಂದು ಅವರು ನಕ್ಕರು. ಎರಡು ದಿನದ ನಂತರ ಇನ್ನೊಂದು ಸೆಕ್ಷನ್ನಿಗೆ ಅದೇ ಪ್ರಯೋಗ ಮಾಡಿಸುವಾಗ ಪ್ರತಿ ಗುಂಪಿನ ಅಂಕಿಯನ್ನೂ ಹಲಗೆಯ ಮೇಲೆ ಬರೆದರು: 97, 96.5, 97, 98, 97. ಪಕ್ಕದಲ್ಲಿ ‘ಪುಸ್ತಕ: 100’ ಎಂದು ಬರೆದು ಸುಮ್ಮನೆ ನಿಂತರು. ಮೂರು ಸೆಕೆಂಡಿಗಿಂತ ಹೆಚ್ಚೇ ಆಗಿರಬೇಕು. ಮೊದಲು ಬಂದ ಮಾತು, “ಎಲ್ಲಾ ಥರ್ಮಾಮೀಟರೂ ಕೆಟ್ಟಿದೆಯಾ ಮಿಸ್?” ಎಂಬುದು. ಎರಡನೆಯದು, “ಎಲ್ಲಾ ಒಂದೇ ಥರ ಹೇಗೆ ಕೆಡುತ್ತೆ?” ಅಲ್ಲಿಂದ ಮಾತು ಗಾಳಿಯ ಒತ್ತಡಕ್ಕೆ ಬಂತು, ಒತ್ತಡ ಹೆಚ್ಚಿಸಿದರೆ ಕುದಿಯುವ ಬಿಂದು ಏರಬೇಕಲ್ಲವೇ ಎಂಬಲ್ಲಿಗೆ ಹೋಯಿತು, ಕುಕ್ಕರಿನೊಳಗೆ ನೀರು 120 ಡಿಗ್ರಿಯ ಹತ್ತಿರ ಹೋಗುವುದರಿಂದಲೇ ಬೇಳೆ ಬೇಗ ಬೇಯುತ್ತದೆ ಎಂಬಲ್ಲಿಗೆ ಬಂದು ನಿಂತಿತು.

ಕೊನೆಗೆ ಒಬ್ಬ ಹುಡುಗ ಎಲ್ಲರ ಮನಸ್ಸಿನಲ್ಲಿದ್ದದ್ದನ್ನು ಕೇಳಿದ: ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು? ಸರಿಯಾದ ಉತ್ತರ ಎರಡನ್ನೂ ಒಳಗೊಂಡದ್ದು. ಸಮುದ್ರಮಟ್ಟದ ವಾಯುಒತ್ತಡದಲ್ಲಿ 100, ಎತ್ತರ ಹೆಚ್ಚಿದಂತೆ ಕಡಿಮೆ, ಬೆಂಗಳೂರಿನಲ್ಲಿ ಸುಮಾರು 97. ಒಂದೇ ಸಂಖ್ಯೆ ಕೇಳುವ ಬಿಟ್ಟಸ್ಥಳ ತುಂಬುವ ಪ್ರಶ್ನೆಯಾದರೆ 100 ಎಂದು ಬರೆಯಿರಿ, ಆ ಪ್ರಶ್ನೆ ಯಾವ ಒತ್ತಡದ ಮಾತಾಡುತ್ತಿದೆಯೆಂಬುದು ನಿಮಗೆ ಗೊತ್ತಿರಲಿ ಎಂದು ಶಿಕ್ಷಕಿ ಹೇಳಿದರು. ಗಂಟೆ ಹೊಡೆಯಿತು. ಬ್ಯಾಗು ಹೆಗಲಿಗೇರಿಸಿಕೊಂಡ ಒಬ್ಬಳು ಹುಡುಗಿ ಮೇಜಿನ ಬಳಿ ಬಂದು, ದಸರಾ ರಜೆಗೆ ಮಂಗಳೂರಿನ ಅಜ್ಜಿ ಮನೆಗೆ ಹೋಗುತ್ತಿರುವುದಾಗಿಯೂ ಲ್ಯಾಬಿನ ಥರ್ಮಾಮೀಟರ್ ಒಂದನ್ನು ಒಯ್ಯಬಹುದೇ ಎಂದೂ ಕೇಳಿದಳು. ಒಡೆದರೆ ಅದರ ದುಡ್ಡು ಯಾರು ಕಟ್ಟಬೇಕೆಂಬುದನ್ನು ಲ್ಯಾಬಿನವರೊಂದಿಗೆ ಮಾತಾಡಿ ಹೇಳುತ್ತೇನೆಂದು ಶಿಕ್ಷಕಿ ಹಲಗೆಯ ಮೂಲೆಯ ಚೌಕದಲ್ಲಿ ಅವಳ ಹೆಸರು ಬರೆದುಕೊಂಡರು.